ಅರವತ್ತಕ್ಕೆ ಅರಳುಮರಳು: ಪ್ರಾಚೀನರ ಆಯುಷ್ಯ ಮತ್ತು ಮರೆವು

ಪ್ರೌಢಶಾಲೆಯಲ್ಲಿ ಇತಿಹಾಸದ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನು ಒಂದು ತಪ್ಪನ್ನು ವರ್ಷಾನುಗಟ್ಟಲೆ ಮಾಡಿದೆ. ರೋಮ್ ಸಾಮ್ರಾಜ್ಯದ ಅಧ್ಯಾಯ ಬಂದಾಗಲೆಲ್ಲ, ಮಕ್ಕಳ ಮುಖದಲ್ಲಿ ಬೆರಗು ಮೂಡಲಿ ಎಂಬ ಆಸೆಯಿಂದ, "ಆ ಕಾಲದಲ್ಲಿ ಮನುಷ್ಯ ಇಪ್ಪತ್ತೈದು ವರ್ಷಕ್ಕೇ ಸಾಯುತ್ತಿದ್ದ" ಎಂದು ಹೇಳಿಬಿಡುತ್ತಿದ್ದೆ. ಒಂದು ವರ್ಷ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಕಪ್ಪುಹಲಗೆಯ ಮೇಲೆ ಅಗಸ್ಟಸ್‌ನ ಹೆಸರಿನ ಮುಂದೆ ನಾನೇ ಬರೆದಿದ್ದ ಕ್ರಿ.ಪೂ. 63 ಮತ್ತು ಕ್ರಿ.ಶ. 14 ಎಂಬ ಇಸವಿಗಳನ್ನು ತೋರಿಸಿ, "ಸಾರ್, ಇವನು ಎಪ್ಪತ್ತು ದಾಟಿದ್ದಾನಲ್ಲ?" ಎಂದಳು. "ಅವನು ಚಕ್ರವರ್ತಿಯಮ್ಮಾ, ಅವನ ಮಾತು ಬೇರೆ" ಎಂದು ಹೇಳಿ ಕೂರಿಸಿದೆ. ಕೂತಳು, ಆದರೆ ಅವಳಿಗೆ ಉತ್ತರ ಸಿಕ್ಕಿರಲಿಲ್ಲ. ನನ್ನಲ್ಲಿ ಉತ್ತರ ಇರಲೂ ಇಲ್ಲ.

ಆ ಪ್ರಸಂಗ ಮತ್ತೆ ನೆನಪಾಗಲು ಕಾರಣವಿದೆ. ಈಚೆಗೆ ಮನೆಗೆ ಬಂದಿದ್ದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು, ತಮ್ಮ ಅತ್ತಿಗೆಗೆ ಡಿಮೆನ್ಷಿಯಾ ಆಗಿದೆಯೆಂದು ಹೇಳುತ್ತ, "ಇದೆಲ್ಲ ಈಗಿನ ಕಾಲದ ಕಾಯಿಲೆ ಮೇಷ್ಟ್ರೇ. ಹಿಂದಿನವರು ಅಷ್ಟು ವರ್ಷ ಬದುಕುತ್ತಲೇ ಇರಲಿಲ್ಲವಲ್ಲ, ಮರೆಯುವುದೆಲ್ಲಿ ಬಂತು?" ಎಂದರು. ನಾನು ತರಗತಿಯಲ್ಲಿ ಬಿತ್ತಿದ ತಪ್ಪೇ ಇನ್ನೊಂದು ರೂಪದಲ್ಲಿ ನನ್ನ ಮನೆಯ ಜಗುಲಿಗೆ ಬಂದು ಕುಳಿತಂತಾಯಿತು. ಅಂದು ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗಲಾದರೂ ಬರೆದಿಡೋಣವೆಂದು ಕುಳಿತಿದ್ದೇನೆ.

ಮೊದಲಿಗೆ 'ಸರಾಸರಿ' ಎಂಬ ಮಾತಿನ ಮೋಸವನ್ನು ನೋಡೋಣ. ಪ್ರಾಚೀನ ರೋಮ್ ಸಾಮ್ರಾಜ್ಯದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಷ್ಯ 20ರಿಂದ 30 ವರ್ಷಗಳ ನಡುವೆ ಇದ್ದಿರಬೇಕೆಂದು ವಿದ್ವಾಂಸರು ಅಂದಾಜು ಮಾಡುತ್ತಾರೆ. ಇದಕ್ಕೆ ದೊರೆತ ಆಧಾರಗಳಲ್ಲಿ ಮುಖ್ಯವಾದದ್ದು ಈಜಿಪ್ಟಿನ ಮರಳಿನಲ್ಲಿ ಉಳಿದುಬಂದ ಪಪೈರಸ್ ಹಾಳೆಗಳು. ರೋಮನ್ನರು ಈಜಿಪ್ಟಿನಲ್ಲಿ 14 ವರ್ಷಗಳಿಗೊಮ್ಮೆ ಮನೆಮನೆಯ ಜನಗಣತಿ ನಡೆಸುತ್ತಿದ್ದರು. ಆ ಗಣತಿಯ ಸುಮಾರು 300 ಪತ್ರಗಳನ್ನು ರೋಜರ್ ಬ್ಯಾಗ್ನಲ್ ಮತ್ತು ಬ್ರೂಸ್ ಫ್ರಿಯರ್ ಎಂಬ ವಿದ್ವಾಂಸರು ಪರಿಶೀಲಿಸಿ 1994ರಲ್ಲಿ ಗ್ರಂಥವೊಂದನ್ನು ಹೊರತಂದರು. ಅವರ ಲೆಕ್ಕವೂ ಇದೇ ಮಿತಿಯೊಳಗೇ ಬೀಳುತ್ತದೆ.

ಆದರೆ ಸರಾಸರಿ 25 ಎಂದರೆ ಎಲ್ಲರೂ 25ಕ್ಕೆ ಸಾಯುತ್ತಿದ್ದರು ಎಂದರ್ಥವಲ್ಲ. ಇಂಥ ಸಮಾಜದಲ್ಲಿ 100 ಮಕ್ಕಳು ಹುಟ್ಟಿದರೆ ಸುಮಾರು 30 ಮಕ್ಕಳು ಮೊದಲ ಹುಟ್ಟುಹಬ್ಬವನ್ನೇ ಕಾಣುವುದಿಲ್ಲ. ಹತ್ತನೆಯ ವರ್ಷದ ಹೊತ್ತಿಗೆ ಅರ್ಧದಷ್ಟು ಮಕ್ಕಳು ಮಣ್ಣಾಗಿರುತ್ತಾರೆ. ಸರಾಸರಿಯನ್ನು ಕೆಳಕ್ಕೆ ಎಳೆಯುವುದು ಈ ಎಳೆಯ ಸಾವುಗಳು. ಹತ್ತನ್ನು ದಾಟಿ ಉಳಿದ ಮಗುವಿಗೆ ಮುಂದೆ ಸರಾಸರಿ ಇನ್ನೂ 35 ವರ್ಷಗಳಷ್ಟು ಬದುಕು ಇರುತ್ತಿತ್ತು. ಹುಟ್ಟಿದವರಲ್ಲಿ ಆರೇಳು ಮಂದಿಗೆ ಒಬ್ಬರಾದರೂ ಅರವತ್ತನ್ನು ಮುಟ್ಟುತ್ತಿದ್ದರು. ಎಂಬತ್ತನ್ನು ಮುಟ್ಟುವವರು ನೂರಕ್ಕೆ ಒಬ್ಬರೋ ಇಬ್ಬರೋ.

ಗ್ರಾಕಸ್ ಸಹೋದರರ ತಾಯಿ ಕಾರ್ನೀಲಿಯಾಳ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳು ಕೇಳಿರುತ್ತಾರೆ. ರೋಮಿನ ಅತ್ಯುನ್ನತ ಮನೆತನದ ಆ ಹೆಣ್ಣುಮಗಳು ಹೆತ್ತದ್ದು 12 ಮಕ್ಕಳನ್ನು, ಬೆಳೆದು ದೊಡ್ಡವರಾದದ್ದು 3 ಮಾತ್ರ. ಇದು ಬಹು ದೂರದ ಕಥೆಯೇನೂ ಅಲ್ಲ. 1951ರ ಜನಗಣತಿಯ ಕಾಲದಲ್ಲಿ ನಮ್ಮ ಭಾರತದ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಆದರೂ ನನ್ನ ಬಾಲ್ಯದಲ್ಲಿ ನಮ್ಮ ಬೀದಿಯ ಪ್ರತಿ ಜಗುಲಿಯ ಮೇಲೂ ಒಬ್ಬ ಅಜ್ಜನೋ ಅಜ್ಜಿಯೋ ಕುಳಿತಿರುತ್ತಿದ್ದರು. ಅದೇ ಮನೆಗಳಲ್ಲಿ "ಇವನಿಗಿಂತ ಮೊದಲು ಎರಡು ಹೋದವು" ಎಂಬ ಮಾತೂ ಕೇಳಿಬರುತ್ತಿತ್ತು. ಈ ಎರಡನ್ನೂ ಒಟ್ಟಿಗೆ ಕಂಡಿದ್ದ ನಾನು, ತರಗತಿಯಲ್ಲಿ ನಿಂತಾಗ ಮಾತ್ರ ಅದನ್ನು ಮರೆತಿದ್ದೆ.

ರೋಮನ್ನರು ತಾವೇ ಈ ಲೆಕ್ಕವನ್ನು ಬಲ್ಲವರಾಗಿದ್ದರು. ಕ್ರಿ.ಶ. 3ನೆಯ ಶತಮಾನದ ಆರಂಭದಲ್ಲಿದ್ದ ಉಲ್ಪಿಯನ್ ಎಂಬ ನ್ಯಾಯಶಾಸ್ತ್ರಜ್ಞನ ಹೆಸರಿನಲ್ಲಿ ಒಂದು ಕೋಷ್ಟಕವಿದೆ. ಉಯಿಲಿನ ಮೂಲಕ ಯಾರಿಗಾದರೂ ಜೀವನಾಂಶ ಬಿಟ್ಟಿದ್ದರೆ ಅದರ ಒಟ್ಟು ಬೆಲೆ ಕಟ್ಟಲು, ಯಾವ ವಯಸ್ಸಿನವರಿಗೆ ಇನ್ನೆಷ್ಟು ವರ್ಷ ಹಿಡಿಯಬೇಕೆಂಬ ಪಟ್ಟಿ ಅದು. 20 ವರ್ಷದೊಳಗಿನವರಿಗೆ 30 ವರ್ಷ, 35ರಿಂದ 40ರವರಿಗೆ 20 ವರ್ಷ, 50ರಿಂದ 55ರವರಿಗೆ 9 ವರ್ಷ, 60 ದಾಟಿದವರಿಗೆ 5 ವರ್ಷ. ಜಸ್ಟಿನಿಯನ್ ಚಕ್ರವರ್ತಿ ಕ್ರಿ.ಶ. 533ರಲ್ಲಿ ಹೊರಡಿಸಿದ ಕಾನೂನು ಸಂಗ್ರಹದಲ್ಲಿ ಸೇರಿದ್ದರಿಂದ ಅದು ನಮ್ಮ ಕೈಗೆ ಸಿಕ್ಕಿದೆ. ಅರವತ್ತು ದಾಟಿದವನ ಮುಂದೆಯೂ ಐದು ವರ್ಷವನ್ನು ಬರೆದಿಟ್ಟ ಕೋಷ್ಟಕ ಇದೆಂಬುದನ್ನು ಗಮನಿಸಬೇಕು. ವೃದ್ಧರೇ ಇಲ್ಲದ ನಾಡಿನಲ್ಲಿ ಇಂಥ ಪಟ್ಟಿಯ ಅಗತ್ಯ ಬೀಳುತ್ತಿರಲಿಲ್ಲ.

ಅರವತ್ತು ಎಂಬ ಈ ಸಂಖ್ಯೆ ಎಲ್ಲೆಲ್ಲೂ ತಲೆಹಾಕುವುದು ಸೋಜಿಗದ ಸಂಗತಿ. ಸ್ಪಾರ್ಟಾದ ಹಿರಿಯರ ಸಭೆಗೆ ಇಬ್ಬರು ಅರಸರ ಜೊತೆಗೆ ಆರಿಸಿ ಬರುತ್ತಿದ್ದ 28 ಮಂದಿಯೂ ಅರವತ್ತು ದಾಟಿದವರೇ ಆಗಿರಬೇಕಿತ್ತು. ಅಥೆನ್ಸಿನ ಪೌರನು 59 ವರ್ಷದವರೆಗೂ ಸೈನ್ಯದ ಕರೆಗೆ ಬದ್ಧನಾಗಿದ್ದು, ಅರವತ್ತನೆಯ ವರ್ಷದಲ್ಲಿ ವ್ಯಾಜ್ಯಗಳ ಪಂಚಾಯಿತಿದಾರನಾಗುತ್ತಿದ್ದ. ಗ್ರೀಕ್ ಕವಿ ಮಿಮ್ನೆರ್ಮಸ್ ರೋಗವಿಲ್ಲದೆ ಅರವತ್ತಕ್ಕೆ ಸಾವು ಬರಲೆಂದು ಹಾರೈಸಿದಾಗ, ಶಾಸನಕರ್ತ ಸೋಲನ್ ಆ ಸಾಲನ್ನು ತಿದ್ದಿ ಎಂಬತ್ತು ಎಂದು ಮಾಡಿಕೊಳ್ಳುವಂತೆ ಅವನಿಗೆ ಪದ್ಯದಲ್ಲೇ ಉತ್ತರ ಕೊಟ್ಟ. ನಮ್ಮ ಚರಕಸಂಹಿತೆಯೂ ಅರವತ್ತರಿಂದ ನೂರರವರೆಗಿನ ಕಾಲವನ್ನು ಜೀರ್ಣಾವಸ್ಥೆ ಎಂದು ಕರೆದು, ಆಗ ಕುಗ್ಗುವ ಶಕ್ತಿಗಳ ಪಟ್ಟಿಯಲ್ಲಿ ದೇಹಬಲ, ಇಂದ್ರಿಯಗಳ ಜೊತೆಗೆ ಗ್ರಹಣ, ಧಾರಣ, ಸ್ಮರಣ, ವಚನಗಳನ್ನೂ ಹೇಳುತ್ತದೆ. ಹೊಸದನ್ನು ಹಿಡಿಯುವುದು, ಹಿಡಿದದ್ದನ್ನು ಉಳಿಸಿಕೊಳ್ಳುವುದು, ಉಳಿದದ್ದನ್ನು ನೆನೆಯುವುದು ಇವು ಮೂರೂ ಬೇರೆಬೇರೆ ಎಂಬುದನ್ನು ಅದು ಕಂಡುಕೊಂಡಿತ್ತು. 'ಅರವತ್ತಕ್ಕೆ ಅರಳುಮರಳು' ಎಂಬ ನಮ್ಮ ಗಾದೆಯಂತೂ ಎಲ್ಲರ ನಾಲಗೆಯ ಮೇಲೂ ಇದೆ.

ಹಾಗಾದರೆ ವೃದ್ಧರಿದ್ದರು. ಅವರಲ್ಲಿ ಮರೆವಿನ ಕಾಯಿಲೆ ಇತ್ತೇ?

ಮರೆವು ಇತ್ತು ಎಂಬುದಕ್ಕೆ ಬಹು ಹಳೆಯ ಸಾಕ್ಷಿ ಈಜಿಪ್ಟಿನದು. ಪ್ತಾಹೋತೆಪ್ ಎಂಬ ಮಂತ್ರಿಯ ಹೆಸರಿನಲ್ಲಿರುವ ನೀತಿಗ್ರಂಥ, ನಾಲ್ಕು ಸಾವಿರ ವರ್ಷಗಳಷ್ಟು ಹಿಂದಿನದು, ಮುಪ್ಪಿನ ದೂರಿನಿಂದಲೇ ಆರಂಭವಾಗುತ್ತದೆ. ಕಣ್ಣು ಮಂಜಾಯಿತು, ಕಿವಿ ಕೇಳದಾಯಿತು, ನಿನ್ನೆಯದು ನೆನಪಿಗೆ ಬಾರದು ಎಂದು ಮುದುಕನು ಅರಸನಲ್ಲಿ ತೋಡಿಕೊಳ್ಳುತ್ತಾನೆ. ಕ್ರಿ.ಪೂ. 423ರಲ್ಲಿ ಅಥೆನ್ಸಿನಲ್ಲಿ ಆಡಿದ ಅರಿಸ್ಟೋಫೆನೀಸನ 'ಮೋಡಗಳು' ಪ್ರಹಸನದಲ್ಲಿ, ಮುಪ್ಪಿನಲ್ಲಿ ಪಾಠಕ್ಕೆ ಸೇರಹೊರಟ ರೈತ ಸ್ಟ್ರೆಪ್ಸಿಯಾಡೀಸನು ತಾನು ಮರೆಗುಳಿ, ಮಂದಮತಿ ಎಂದು ಗೊಣಗುತ್ತಾನೆ. ಮುದುಕರು ಎರಡನೆಯ ಸಲ ಮಕ್ಕಳು ಎಂಬ ಮಾತು ಆ ನಾಟಕದಲ್ಲಿಯೂ ಬರುತ್ತದೆ. ನಮ್ಮ ಕಡೆಯೂ ಇದೇ ಮಾತಿದೆಯಲ್ಲವೇ!

ಆದರೆ ಇವೆಲ್ಲ ವಯೋಸಹಜವಾದ ಸಣ್ಣ ಮರೆವು. ಹೆತ್ತ ಮಕ್ಕಳನ್ನೇ ಗುರುತಿಸಲಾಗದ ಮಹಾ ಮರೆವು ಬೇರೆ. ಅದರ ಸುಳಿವನ್ನು ನಾಟಕಗಳಿಗಿಂತ ಕಾನೂನಿನಲ್ಲಿ ಹುಡುಕಬೇಕು, ಏಕೆಂದರೆ ಆಸ್ತಿಯ ಪ್ರಶ್ನೆ ಬಂದಾಗ ಮನೆಯೊಳಗಿನ ಗುಟ್ಟು ಬೀದಿಗೆ ಬರುತ್ತದೆ. ಕ್ರಿ.ಪೂ. 594ರ ಸುಮಾರಿಗೆ ಸೋಲನ್ ಮಾಡಿದ ಕಾನೂನಿನ ಪ್ರಕಾರ ಗಂಡುಮಕ್ಕಳಿಲ್ಲದವನು ತನ್ನ ಆಸ್ತಿಗೆ ಉಯಿಲು ಬರೆಯಬಹುದು. ಆದರೆ ಹುಚ್ಚು, ಮುಪ್ಪು, ಔಷಧದ ಅಮಲು, ರೋಗ ಇವುಗಳಿಂದ ಬುದ್ಧಿ ಕೆಟ್ಟಿದ್ದಾಗ ಬರೆದ ಉಯಿಲು ಅಸಿಂಧು. ಮುಪ್ಪಿನಿಂದ ಬುದ್ಧಿ ಕೆಡಬಹುದು ಎಂಬುದು ಅಲ್ಲಿ ಕಾನೂನಿನ ಮಾತೇ ಆಗಿತ್ತು. ಪ್ಲೇಟೋ ತನ್ನ ಕೊನೆಯ ಗ್ರಂಥವಾದ 'ನಿಯಮಗಳು' ಎಂಬುದರಲ್ಲಿ, ರೋಗದಿಂದಲೋ ಮುಪ್ಪಿನಿಂದಲೋ ತಂದೆಯ ಬುದ್ಧಿ ತೀರ ಕೆಟ್ಟರೆ ಮಗನು ಏನು ಮಾಡಬೇಕೆಂದು ವಿಧಿಸುತ್ತಾನೆ. ಮಗನು ಮೊದಲು ಹಿರಿಯ ಅಧಿಕಾರಿಗಳಲ್ಲಿ ಹೋಗಿ ವಿಚಾರಿಸಬೇಕು, ಅವರು ಸರಿಯೆಂದರೆ ಮಾತ್ರ ದಾವೆ ಹೂಡಬೇಕು.

ಇಂಥ ದಾವೆಯೊಂದರ ಕಥೆ ಪ್ರಸಿದ್ಧವಾಗಿದೆ. ತೊಂಬತ್ತರ ಅಂಚಿನಲ್ಲಿದ್ದ ನಾಟಕಕಾರ ಸೋಫೋಕ್ಲೀಸನು ಬರವಣಿಗೆಯಲ್ಲಿ ಮುಳುಗಿ ಮನೆಯ ವ್ಯವಹಾರವನ್ನು ನೋಡುವುದಿಲ್ಲವೆಂದು ಮಕ್ಕಳೇ ನ್ಯಾಯಾಲಯಕ್ಕೆ ಎಳೆದರಂತೆ. ಅವನು ಆಗತಾನೆ ಬರೆಯುತ್ತಿದ್ದ 'ಕೊಲೋನಸ್‌ನಲ್ಲಿ ಈಡಿಪಸ್' ನಾಟಕದ ಭಾಗವನ್ನು ನ್ಯಾಯಾಧೀಶರ ಮುಂದೆ ಓದಿ, ಇದು ಬುದ್ಧಿಗೆಟ್ಟವನ ಬರವಣಿಗೆಯೇ ಎಂದು ಕೇಳಿದನಂತೆ. ಬಿಡುಗಡೆಯಾಯಿತು. ಈ ಕಥೆಯನ್ನು ನಮಗೆ ಹೇಳುವವನು ಸುಮಾರು 360 ವರ್ಷಗಳ ಅನಂತರದ ಸಿಸೆರೋ, ಕ್ರಿ.ಪೂ. 44ರಲ್ಲಿ ಬರೆದ ಮುಪ್ಪನ್ನು ಕುರಿತ ಪುಸ್ತಕದಲ್ಲಿ. ಆದ್ದರಿಂದ ಕಥೆಯನ್ನು ಕಥೆಯಾಗಿಯೇ ತೆಗೆದುಕೊಳ್ಳೋಣ. ಆದರೆ ಅಂಥ ದಾವೆಯನ್ನು ಕಲ್ಪಿಸಿಕೊಳ್ಳುವುದು ಆ ಓದುಗರಿಗೆ ಕಷ್ಟವಾಗಿರಲಿಲ್ಲ ಎಂಬುದು ಮುಖ್ಯ.

ಅದೇ ಪುಸ್ತಕದಲ್ಲಿ 84 ವರ್ಷದ ಕೇಟೋನ ಬಾಯಿಂದ ಸಿಸೆರೋ ಹೇಳಿಸುವ ಮಾತಿನ ಸಾರ ಇಷ್ಟು: ಅರಳುಮರಳು ಎಲ್ಲ ಮುದುಕರಿಗೂ ಬರುವುದಲ್ಲ, ದುರ್ಬಲ ಮನಸ್ಸಿನವರಿಗೆ ಬರುವುದು. ನೆನಪನ್ನು ಬಳಸುತ್ತಿದ್ದರೆ ಅದು ಉಳಿಯುತ್ತದೆ. ನಿಧಿಯನ್ನು ಹೂತಿಟ್ಟ ಜಾಗವನ್ನು ಮರೆತ ಮುದುಕನನ್ನು ತಾನು ಕಂಡಿಲ್ಲವೆಂದು ಕೇಟೋ ಹಾಸ್ಯವನ್ನೂ ಮಾಡುತ್ತಾನೆ. ಓದಲು ಹಿತವಾದ ಮಾತು. ಬಹಳ ವರ್ಷ ನಾನೂ ಅದನ್ನು ಮೆಚ್ಚಿದ್ದೆ. ಆದರೆ ಅದರೊಳಗೆ ಒಂದು ಕ್ರೌರ್ಯ ಅಡಗಿದೆ. ಮರೆತವನು ತನ್ನ ಮನಸ್ಸಿನ ದೌರ್ಬಲ್ಯದಿಂದಲೇ ಮರೆತ ಎಂದು ಅದು ಹೇಳಿದಂತಾಗುತ್ತದೆ.

ಸಿಸೆರೋನ ಮಾತಿಗೆ ಅಪವಾದ ಅವನ ಪರಿಚಿತ ವಲಯದಲ್ಲೇ ಬೆಳೆಯುತ್ತಿತ್ತು. ಮೆಸ್ಸಾಲಾ ಕಾರ್ವೈನಸ್ ಎಂಬ ತರುಣನನ್ನು ಸಿಸೆರೋ ಬಲ್ಲ, ಮೆಚ್ಚಿದ್ದ. ಮುಂದೆ ಅವನು ರೋಮಿನ ಬಹು ದೊಡ್ಡ ವಾಗ್ಮಿಗಳಲ್ಲೊಬ್ಬನೆನಿಸಿದ. ದಿನವೂ ನೆನಪನ್ನು ದುಡಿಸಿದವನು. ಆ ಮೆಸ್ಸಾಲಾ ತನ್ನ ಸ್ವಂತ ಹೆಸರನ್ನೇ ಮರೆತನೆಂದು ಹಿರಿಯ ಪ್ಲಿನಿ ಬರೆದಿಟ್ಟಿದ್ದಾನೆ.

ಕ್ರಿ.ಶ. 2ನೆಯ ಶತಮಾನದ ಆರಂಭದಲ್ಲಿ ವಿಡಂಬನಕಾರ ಜುವೆನಲ್ ಬರೆದ ಹತ್ತನೆಯ ವಿಡಂಬನೆಯಲ್ಲಿ ದೀರ್ಘಾಯುಷ್ಯವನ್ನು ಬೇಡುವವರ ಗೇಲಿಯಿದೆ. ಅಲ್ಲಿಯ ಮುದುಕನಿಗೆ ತನ್ನ ಆಳುಗಳ ಹೆಸರು ಗೊತ್ತಿಲ್ಲ, ಹಿಂದಿನ ರಾತ್ರಿ ಜೊತೆಯಲ್ಲಿ ಉಂಡ ಗೆಳೆಯನ ಮುಖ ಗೊತ್ತಿಲ್ಲ, ತಾನೇ ಸಾಕಿ ಬೆಳೆಸಿದ ಮಕ್ಕಳ ಗುರುತಿಲ್ಲ. ಕೊನೆಗೆ ಅವನು ಮಕ್ಕಳನ್ನು ಬಿಟ್ಟು ವೇಶ್ಯೆಯೊಬ್ಬಳ ಹೆಸರಿಗೆ ಆಸ್ತಿ ಬರೆಯುತ್ತಾನೆ. ಇಂದಿನ ವೈದ್ಯರು ನೋಡಿದರೆ ಇದು ಮುಂದುವರಿದ ಡಿಮೆನ್ಷಿಯಾ ಎಂದು ತಕ್ಷಣ ಹೇಳುವಷ್ಟು ನಿಖರವಾದ ವರ್ಣನೆ. ಕಣ್ಣಾರೆ ಕಂಡ ಹೊರತು ಹೀಗೆ ಬರೆಯಲಾಗದು. ಆದರೆ ಅದನ್ನು ಬರೆದದ್ದು ನಗಿಸಲಿಕ್ಕೆ.

ಇಲ್ಲಿ ನನ್ನದೊಂದು ನೆನಪನ್ನು ಹೇಳದೆ ಮುಂದೆ ಹೋಗಲಾರೆ. ನಾನು ಹನ್ನೊಂದು ಹನ್ನೆರಡರ ಹುಡುಗನಾಗಿದ್ದಾಗ ನಮ್ಮ ದೊಡ್ಡಪ್ಪನಿಗೆ ಎಪ್ಪತ್ತು ದಾಟಿತ್ತು. ಊರಿನ ಅರ್ಧದಷ್ಟು ಹೊಲಗಳ ಚಕ್ಕುಬಂದಿಯನ್ನು ಕಾಗದವಿಲ್ಲದೆ ಹೇಳಬಲ್ಲವರಾಗಿದ್ದವರು, ಕ್ರಮೇಣ ದೊಡ್ಡಮ್ಮನನ್ನೇ "ಈಯಮ್ಮ ಯಾರ ಮನೆಯವರು?" ಎಂದು ಕೇಳುವಂತಾದರು. ಪ್ರತಿ ಸಂಜೆ ಜಗುಲಿಯ ಮೇಲೆ ಕುಳಿತು ನನ್ನನ್ನು ಕರೆದು, "ನೀನು ಯಾರ ಮಗನಪ್ಪಾ?" ಎನ್ನುತ್ತಿದ್ದರು. ನಾವು ಹುಡುಗರು ಅದನ್ನೊಂದು ಆಟ ಮಾಡಿಕೊಂಡೆವು. ಒಂದು ದಿನ ಪಟೇಲರ ಮಗ ಎನ್ನುವುದು, ಮರುದಿನ ಬಡಗಿಯ ಮಗ ಎನ್ನುವುದು. ಅವರು ಪ್ರತಿ ಸಲವೂ ನಂಬಿ, ಆ ಮನೆಯವರ ಕ್ಷೇಮವನ್ನು ಗೌರವದಿಂದ ವಿಚಾರಿಸುತ್ತಿದ್ದರು. ನಾವು ಮರೆಗೆ ಹೋಗಿ ಬಿದ್ದು ಬಿದ್ದು ನಗುತ್ತಿದ್ದೆವು. ದೊಡ್ಡವರು ಯಾರೂ ನಮ್ಮನ್ನು ಗದರಲಿಲ್ಲ. ಅವರಿಗೂ ಅದು ಅರಳುಮರಳೇ ಹೊರತು ಕಾಯಿಲೆಯಲ್ಲ. ಒಂದು ಮಳೆಗಾಲ ಕಫ ಕಟ್ಟಿ, ಜ್ವರ ಬಂದು, ನಾಲ್ಕೇ ದಿನದಲ್ಲಿ ತೀರಿಕೊಂಡರು. "ಜ್ವರದಿಂದ ಹೋದರು" ಎಂದೇ ಊರಿನಲ್ಲಿ ಹೇಳಿಕೆಯಾಯಿತು.

ಆ ಕೊನೆಯ ವಾಕ್ಯದಲ್ಲಿ ಪ್ರಾಚೀನ ಇತಿಹಾಸದ ಒಂದು ಒಗಟಿಗೆ ಸುಳಿವಿದೆಯೆಂದು ಈಗ ಅನ್ನಿಸುತ್ತದೆ. ಅದನ್ನು ವಿವರಿಸುತ್ತೇನೆ.

ಪ್ರಾಚೀನ ವೈದ್ಯರು ಈ ವಿಷಯದಲ್ಲಿ ಆಶ್ಚರ್ಯವಾಗುವಷ್ಟು ಮೌನಿಗಳು. ಹಿಪೊಕ್ರೇಟಿಸನ ಹೆಸರಿನ ಸೂತ್ರಗಳಲ್ಲಿ ಮುದುಕರ ಕಾಯಿಲೆಗಳ ಪಟ್ಟಿಯಿದೆ: ಉಬ್ಬಸ, ಕೆಮ್ಮು, ಮೂತ್ರಬಾಧೆ, ಕೀಲುನೋವು, ತಲೆಸುತ್ತು, ಪಾರ್ಶ್ವವಾಯು, ತುರಿಕೆ, ನಿದ್ರಾಹೀನತೆ, ಕಣ್ಣಿನ ಪೊರೆ, ಕಿವುಡು. ಮರೆವು ಆ ಪಟ್ಟಿಯಲ್ಲಿ ಇಲ್ಲ! ನನಗೆ ತಿಳಿದಂತೆ ಇದನ್ನು ಸ್ಪಷ್ಟವಾಗಿ ರೋಗದ ಸಾಲಿಗೆ ತಂದವನು ಕ್ಯಾಪಡೋಷಿಯಾದ ವೈದ್ಯ ಅರಿಟಿಯಸ್. ಬಂದು ಹೋಗುವ ಉನ್ಮಾದಕ್ಕೂ ಮುಪ್ಪಿನ ಬುದ್ಧಿಭ್ರಮೆಗೂ ಇರುವ ಭೇದವನ್ನು ಅವನು ತೋರಿಸುತ್ತಾನೆ. ಎರಡನೆಯದು ಮುಪ್ಪಿನಲ್ಲಿ ಶುರುವಾಗಿ, ಎಲ್ಲೂ ಬಿಡುವು ಕೊಡದೆ, ಸಾಯುವವರೆಗೂ ಜೊತೆಯಲ್ಲೇ ಇರುತ್ತದೆ ಎನ್ನುತ್ತಾನೆ. ಕಾರಣವಾಗಿ ಅವನು ಹೇಳುವ ಶೀತದ ಸಿದ್ಧಾಂತ ಇಂದು ನಿಲ್ಲದು, ಆದರೆ ನೋಟ ತಪ್ಪಲಿಲ್ಲ. ಜುವೆನಲ್ ನಕ್ಕ ಮನುಷ್ಯನನ್ನು ಅರಿಟಿಯಸ್ ನಗದೆ ನೋಡಿದ.

2024ರಲ್ಲಿ ಅಮೆರಿಕದ ವಿಜ್ಞಾನಿ ಕೇಲೆಬ್ ಫಿಂಚ್ ಮತ್ತು ಇತಿಹಾಸಕಾರ ಸ್ಟ್ಯಾನ್ಲಿ ಬರ್ಸ್ಟೀನ್ ಗ್ರೀಕ್ ಮತ್ತು ರೋಮನ್ ಬರಹಗಳನ್ನು ಶೋಧಿಸಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಗ್ರೀಕರಲ್ಲಿ ಸಣ್ಣ ಮರೆವಿನ ಮಾತು ಮಾತ್ರ ಇದೆ, ತೀವ್ರ ಡಿಮೆನ್ಷಿಯಾ ಎನ್ನಬಹುದಾದ ಬೆರಳೆಣಿಕೆಯ ಉಲ್ಲೇಖಗಳು ರೋಮನ್ನರಲ್ಲಿ ಕಾಣುತ್ತವೆ, ಆದ್ದರಿಂದ ಅಂದು ಈ ರೋಗ ಅಪರೂಪವಾಗಿದ್ದಿರಬೇಕು ಎಂಬುದು ಅವರ ಅಭಿಪ್ರಾಯ. ಹೋಲಿಕೆಗೆ ಅವರು ಬೊಲಿವಿಯಾದ ಅಮೆಜಾನ್ ಸೀಮೆಯ ಚಿಮಾನೆ ಜನರನ್ನು ತೆಗೆದುಕೊಳ್ಳುತ್ತಾರೆ. ದಿನವಿಡೀ ಮೈಮುರಿದು ದುಡಿಯುವ ಆ ಜನರ ವೃದ್ಧರಲ್ಲಿ ಡಿಮೆನ್ಷಿಯಾ ಸುಮಾರು ಶೇಕಡಾ 1 ಮಾತ್ರ. ಅಮೆರಿಕದಲ್ಲಿ 65 ದಾಟಿದವರಲ್ಲಿ ಅದು ಶೇಕಡಾ 11ರಷ್ಟು. ರೋಮನ್ನರಲ್ಲಿ ಕಾಯಿಲೆ ಕಾಣಿಸಿಕೊಳ್ಳಲು ನಗರಗಳ ಮಾಲಿನ್ಯ, ನೀರಿನ ಕೊಳವೆ ಮತ್ತು ಪಾತ್ರೆಗಳ ಸೀಸ ಕಾರಣವಿರಬಹುದೆಂಬ ಊಹೆಯನ್ನೂ ಮುಂದಿಡುತ್ತಾರೆ.

ಇದು ಆಲೋಚಿಸಬೇಕಾದ ವಾದ. ದುಡಿಮೆ ಮತ್ತು ನಡಿಗೆ ಮೆದುಳನ್ನು ಕಾಯುತ್ತವೆಂಬುದನ್ನು ಇಂದಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ. ಆದರೆ ಹಳೆಯ ಮೇಷ್ಟ್ರಾದ ನನಗೆ, ಬರಹದ ಮೌನವನ್ನು ರೋಗದ ಅಭಾವವೆಂದು ಓದುವಾಗ ಕೈ ತಡೆಯುತ್ತದೆ. ಮೌನಕ್ಕೆ ಬೇರೆ ಕಾರಣಗಳೂ ಇವೆ.

ಮೊದಲನೆಯದು ಲೆಕ್ಕದ್ದೇ. ಅರವತ್ತೈದರ ಅನಂತರ ಸುಮಾರು ಐದೈದು ವರ್ಷಕ್ಕೆ ಡಿಮೆನ್ಷಿಯಾದ ಸಂಭವ ಇಮ್ಮಡಿಯಾಗುತ್ತ ಹೋಗುತ್ತದೆ. ಅರವತ್ತು ಮುಟ್ಟಿದವರು ಸಾಕಷ್ಟಿದ್ದರೂ ಎಂಬತ್ತೈದು ಮುಟ್ಟಿದವರು ತೀರ ವಿರಳವಾಗಿದ್ದ ಸಮಾಜದಲ್ಲಿ ರೋಗಿಗಳೂ ವಿರಳವೇ. ಎರಡನೆಯದು, ಮರೆವು ತೀವ್ರವಾದವರು ನುಂಗಲಾರರು, ಬೀಳುತ್ತಾರೆ, ಎದೆಗೆ ಸೋಂಕು ತಗಲುತ್ತದೆ. ಔಷಧವಿಲ್ಲದ ಕಾಲದಲ್ಲಿ ಅಂಥವರು ಹೆಚ್ಚು ದಿನ ಉಳಿಯುತ್ತಿರಲಿಲ್ಲ. ನಮ್ಮ ದೊಡ್ಡಪ್ಪನ ಹಾಗೆ ಅವರೆಲ್ಲ 'ಜ್ವರದಿಂದ ಹೋದವರು' ಆಗುತ್ತಿದ್ದರು. ಮೂರನೆಯದು, ಬರೆದವರು ಯಾರು, ಯಾರನ್ನು ಕುರಿತು? ಬಹುತೇಕ ಉಳ್ಳ ಗಂಡಸರು ಉಳ್ಳ ಗಂಡಸರನ್ನು ಕುರಿತು. ಒಳಮನೆಯ ಮುದುಕಿಯ, ಗುಲಾಮನ, ಹೊಲದ ಆಳಿನ ಮರೆವು ಯಾರ ಲೇಖನಿಗೂ ಬರಲಿಲ್ಲ. ನಾಲ್ಕನೆಯದು, ಮೂಳೆ ಸಾವಿರಾರು ವರ್ಷ ಉಳಿದೀತು. ಮೆದುಳು ಉಳಿಯುವುದು ತೀರ ಅಪರೂಪ. ಸಮಾಧಿಯನ್ನು ಅಗೆದವರಿಗೆ ಸವೆದ ಕೀಲು ಸಿಗುತ್ತದೆ, ಸವೆದ ನೆನಪು ಸಿಗುವುದಿಲ್ಲ.

ಕೊನೆಯ ಕಾರಣ ಹೆಸರಿನದು. ಹೆಸರಿಲ್ಲದ ಕಾಯಿಲೆ ಕಣ್ಣೆದುರಿಗಿದ್ದರೂ ಕಾಣುವುದಿಲ್ಲ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಬಂದ ಆಗಸ್ಟ್ ಡೀಟರ್ ಎಂಬ ಹೆಂಗಸು ಅಲಾಯ್ಸ್ ಆಲ್ಜ್‌ಹೈಮರ್ ಎಂಬ ವೈದ್ಯನ ಗಮನ ಸೆಳೆದದ್ದು ಅವಳಿಗೆ ಕೇವಲ 51 ವರ್ಷವಾಗಿತ್ತೆಂಬ ಕಾರಣಕ್ಕೆ. ಅವಳಿಗೆ ಎಂಬತ್ತಾಗಿದ್ದರೆ ಅದನ್ನು ಮುಪ್ಪೆಂದು ತಳ್ಳಿಹಾಕುತ್ತಿದ್ದರೇನೋ. 1906ರಲ್ಲಿ ಅವಳು ತೀರಿಕೊಂಡ ಮೇಲೆ ಆತ ಮೆದುಳನ್ನು ಪರೀಕ್ಷಿಸಿ ವರದಿ ಮಾಡಿದ. 1910ರಲ್ಲಿ ಕ್ರೇಪಲಿನ್ ಎಂಬ ಪಂಡಿತ ಆ ರೋಗಕ್ಕೆ ಆಲ್ಜ್‌ಹೈಮರನ ಹೆಸರನ್ನಿಟ್ಟ. ಆಗಲೂ ಬಹಳ ವರ್ಷ ಅದು ನಡುವಯಸ್ಸಿನವರ ಅಪರೂಪದ ರೋಗವೆಂದೇ ಎಣಿಕೆಯಾಗಿತ್ತು. ಮುದುಕರ ಮರೆವು ರೋಗದ ಪಟ್ಟಿಗೆ ಬರಲು ಇನ್ನೂ ಹಲವು ದಶಕಗಳು ಹಿಡಿದವು.

ಆದ್ದರಿಂದ ನನ್ನ ಸಹೋದ್ಯೋಗಿಗೆ ಹೇಳಬೇಕಾದದ್ದು ಇಷ್ಟು: ಇದು ಈಗಿನ ಕಾಲದ ಕಾಯಿಲೆಯಲ್ಲ. ಹಿಂದೆ ಕಡಿಮೆ ಜನರಿಗೆ ಬರುತ್ತಿತ್ತು, ಬಂದವರು ಬೇಗ ಹೋಗುತ್ತಿದ್ದರು, ಇದ್ದಷ್ಟು ದಿನ ನಗೆಗೀಡಾಗುತ್ತಿದ್ದರು. ನಿಮ್ಮ ಅತ್ತಿಗೆ ಮನಸ್ಸಿನ ದೌರ್ಬಲ್ಯದಿಂದ ಮರೆಯುತ್ತಿಲ್ಲ, ಕೇಟೋ ಏನೇ ಹೇಳಲಿ.

ಅಥೆನ್ಸಿನಲ್ಲಿ ಅಧಿಕಾರ ಸ್ಥಾನಕ್ಕೆ ಆಯ್ಕೆಯಾದವನನ್ನು ಪರೀಕ್ಷಿಸುವಾಗ, ತಂದೆತಾಯಿಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯಾ ಎಂದೂ ಕೇಳುತ್ತಿದ್ದರು. ಹೆತ್ತವರಿಗೆ ಅನ್ನ ಹಾಕದವನು ಪೌರಹಕ್ಕುಗಳನ್ನೇ ಕಳೆದುಕೊಳ್ಳುತ್ತಿದ್ದ. ಮರೆವಿಗೆ ಅವರಲ್ಲಿ ಮದ್ದಿರಲಿಲ್ಲ, ಆದರೆ ಈ ಪ್ರಶ್ನೆ ಇತ್ತು. ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ಹಾಗಾಗಿ ಪ್ರಶ್ನೆಯೂ ಹಾಗೆಯೇ ಉಳಿದಿದೆ.

ಈಗ ನನಗೂ ವಯಸ್ಸಾಗಿದೆ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವಾಗ ಮೊಮ್ಮಕ್ಕಳು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಸಂಜೆ ಹೊತ್ತು ಒಮ್ಮೊಮ್ಮೆ ದೊಡ್ಡಪ್ಪನ ದನಿ ಕೇಳಿಸಿದಂತಾಗುತ್ತದೆ. "ನೀನು ಯಾರ ಮಗನಪ್ಪಾ?" ಎಂಬ ಪ್ರಶ್ನೆಗೆ ಅವರಿಗೆ ನಾನು ಒಂದು ದಿನವೂ ನಿಜವಾದ ಉತ್ತರ ಕೊಡಲಿಲ್ಲ. "ನಿಮ್ಮ ತಮ್ಮನ ಮಗ, ದೊಡ್ಡಪ್ಪಾ" ಎಂದಿದ್ದರೆ ಸಾಕಾಗಿತ್ತು. ಮರುದಿನ ಮತ್ತೆ ಮರೆಯುತ್ತಿದ್ದರು, ನಿಜ. ಮತ್ತೆ ಹೇಳಬಹುದಾಗಿತ್ತು.